ನಲವತ್ತೊಂದಕ್ಕೆ ಹನ್ನೊಂದು

"ನಿಜ ಹೇಳು ಲೆಂಪಿ, ಎಲ್ಲಿ ಓಡಿಸ್ತೀ ಇದನ್ನ?
ಕನಸಲ್ಲಲ್ಲ, ರಸ್ತೇಲಿ"
ಎಂದ ಸ್ಟಾನ್ಕೊ, ಚಿಂದಿಯಲ್ಲಿ ಬೆರಳೊರೆಸುತ್ತ.
ಎವೆಲೆತ್ತಿನ ಅವನ ಶೆಡ್ಡಿನಲ್ಲಿ ಏಪ್ರಿಲ್ಲಿಗೂ ಒಲೆ ಉರಿಯುತ್ತಿತ್ತು.
ಜಾಕಿಯ ಮೇಲೆ ನನ್ನ ಅರವತ್ತೇಳರ ಶೆವೆಲ್
ಹಿಂದಿನ ಅಚ್ಚಿನ ಮುಚ್ಚಳ ಬಿಚ್ಚಿಸಿಕೊಂಡು,
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದವಳ ಹಾಗೆ.

ಹದಿನೇಳರಲ್ಲಿ ಕೇಳಿದ್ದರೆ ತಡವರಿಸುತ್ತಿರಲಿಲ್ಲ:
ನಾಲ್ಕರ ಮೇಲೆ ಚಿಲ್ಲರೆ ಹಾಕು.
ಗ್ರಾಂಟ್ ಅವೆನ್ಯೂವಿನ ದೀಪ ಹಸಿರಾದ ಗಳಿಗೆ
ಹುಡುಗರ ಮುಖಕ್ಕೆ ಗಣಿಯ ಕೆಂಧೂಳು ಎರಚಿ
ಮುಂದಿನ ದೀಪ ಮೊದಲು ಮುಟ್ಟಬೇಕು, ಅಷ್ಟೆ.
ಆಗ ಕಾಲಿತ್ತು, ಕಾಸಿರಲಿಲ್ಲ.
ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನುತ್ತಾರಲ್ಲ,
ನನಗೆ ಬೇಕಿದ್ದ ಕಡಲೆಯೇ ಹಲ್ಲಿನ ಚಕ್ರ.

ಆಮೇಲೆ ಇಪ್ಪತ್ತೆಂಟು ವರ್ಷ ಹಳದಿ ಶಾಲಾಬಸ್ಸು,
ಗೇರು ತನ್ನಷ್ಟಕ್ಕೇ ಬದಲಾಗುವಂಥದ್ದು.
ಎಡಗಾಲಿಗೆ ಕೆಲಸವಿಲ್ಲ.
ಮಕ್ಕಳು ಕಿರುಚುವಾಗ ಅದು
ಬರಿ ನೆಲವನ್ನು ಒತ್ತುತ್ತಿತ್ತು, ಇಲ್ಲದ ಕ್ಲಚ್ಚನ್ನು.

"ಊರೊಳಗೆ" ಅಂದೆ. ಸುಳ್ಳು.
"ಆಗಾಗ ಡುಲೂತ್‌ಗೆ." ಅರ್ಧ ಸುಳ್ಳು.
ಅವನು ಕಾದ. ಒಲೆಗೊಂದು ಕೊರಡು ಹಾಕಿದ.
"ಹಿಮಕ್ಕೆ ಉಪ್ಪು ಸುರಿಯೋ ತಿಂಗಳು ಬಿಟ್ಟು, ವಾರಕ್ಕೆರಡು ಸಲ.
ವರ್ನಾ ಮಾಕಿಯನ್ನ ಕೂರಿಸಿಕೊಂಡು.
ಹೋಗೋಕೆ ಅರವತ್ತು ಮೈಲಿ, ಬರೋಕೆ ಅರವತ್ತು.
ಅವಳ ಎಡಗಿವಿ ಸತ್ತಿದೆ. ಬಲಗಿವಿ ಬಾಗಿಲ ಕಡೆ."
ಡುಲೂತ್‌ನಲ್ಲಿ ಏನು ಅಂತ ಅವನು ಕೇಳಲಿಲ್ಲ.
ಊರು ಚಿಕ್ಕದು.

ರಟ್ಟಿನ ಡಬ್ಬಿ ಹರಿದು ಲೆಕ್ಕ ಬರೆದ.
ಗಂಟೆಗೆ ಅರವತ್ತೈದು ಮೈಲಿ, ಇಪ್ಪತ್ತೇಳಿಂಚಿನ ಟೈರು.
ನಾಲ್ಕು ಚಿಲ್ಲರೆಯಾದರೆ ಎಂಜಿನ್ನು
ನಿಮಿಷಕ್ಕೆ ಮೂರು ಸಾವಿರದ ಮುನ್ನೂರು ಸುತ್ತು;
ಕೂಗಿದರೂ ಕೇಳದು.
ಮೂರರ ಮೇಲೆ ಚೂರೇ ಚೂರಾದರೆ ಎರಡೂವರೆ ಸಾವಿರ.
ಮಾತಾಡಬಹುದು, ಆದರೆ ಪ್ರತಿ ಸಿಗ್ನಲ್ಲಿನಿಂದಲೂ
ತುಂಬಿದ ಬಸ್ಸಿನ ಹಾಗೆ ಹೊರಡಬೇಕು.
"ಅದು ನಿನಗೆ ಸಾಕಾಗಿದೆ."

ಪೆನ್ಸಿಲು ನಾಲಿಗೆಗೆ ತಾಗಿಸಿಕೊಂಡ.
ಮೂರು ಮುಕ್ಕಾಲಿಗೆ ಒಂದೆಳೆ ಕಡಿಮೆ.
ಹಳೇ ನಾಲ್ಕು ಗೇರಿನ ಪೆಟ್ಟಿಗೆ ತೆಗೆದು ಐದರದ್ದು:
ಮೊದಲನೆಯದರಲ್ಲಿ ಹದಿನೇಳು ವಯಸ್ಸು,
ಐದನೆಯದರಲ್ಲಿ ಎರಡೇ ಸಾವಿರ ಸುತ್ತು.
ಬೆಲೆ ಮಾತ್ರ ಬಾಯಲ್ಲಿ ಹೇಳಲಿಲ್ಲ,
ಬರೆದು, ರಟ್ಟು ನನ್ನ ಕಡೆ ತಿರುಗಿಸಿದ.

ಹೊಸ ಚಕ್ರ ಬಂದ ದಿನ ಉಗುರು ತಾಗಿಸಿ ಎಣಿಸಿದೆ.
ದೊಡ್ಡದಕ್ಕೆ ನಲವತ್ತೊಂದು ಹಲ್ಲು, ಚಿಕ್ಕದಕ್ಕೆ ಹನ್ನೊಂದು.
ಎರಡಕ್ಕೂ ಒಗ್ಗುವ ಭಾಜಕವಿಲ್ಲ.
ಬೇಕೆಂತಲೇ, ಅಂದ. ಸಮನಾಗಿ ಭಾಗ ಹೋದರೆ
ಅದದೇ ಹಲ್ಲು ಅದದೇ ಹಲ್ಲನ್ನು ಕಚ್ಚಿ ಸವೆಯುತ್ತೆ.
ಇಲ್ಲಿ ಒಂದೊಂದೂ ಎದುರಿನ ಎಲ್ಲವನ್ನೂ ಮುಟ್ಟಿ ಬಂದ ಮೇಲೇ
ಮೊದಲ ಜೊತೆಯನ್ನು ಮತ್ತೆ ಕಾಣುವುದು.
ಯುಗ ಬೇಕೇನೋ ಅಂದುಕೊಂಡೆ.
ಅಚ್ಚು ಹನ್ನೊಂದು ಸುತ್ತಿದರೆ ಸಾಕಂತೆ,
ನನ್ನ ಗ್ಯಾರೇಜಿನಿಂದ ಅಂಚೆಡಬ್ಬಿಯಷ್ಟು ದೂರ.

ಹಳದಿ ಬಳಿದು, ತಿರುಗಿಸಿ, ಕಚ್ಚಿದ ಗುರುತು ನೋಡಿ,
ಕೂದಲೆಳೆಯ ಬಿಲ್ಲೆಯೊಂದನ್ನು ತೆಗೆದು, ಇನ್ನೊಂದು ತೂರಿಸಿ,
ಮತ್ತೆ ಬಳಿದು,
ನಾಲ್ಕು ದಿನ ಹೀಗೇ ಮಾಡಿದ ಅವನು. ನಾನು ಕಾಫಿ ಕಾಸಿದೆ.

ಮೇ ತಿಂಗಳ ಒಂದು ಮಂಗಳವಾರ
ಪಕ್ಕದಲ್ಲಿ ವರ್ನಾ,
ಹಿಂದಿನ ಸೀಟಿನಲ್ಲಿ, ಅಚ್ಚಿನ ಮೇಲೆಯೇ, ಸ್ಟಾನ್ಕೊ.
ಮೂರು, ನಾಲ್ಕು, ಎಡಗಾಲು ನೆಲ ಮರೆತಿತ್ತು, ಐದು.
ಎಂಜಿನ್ನು ಉಸಿರು ಕೆಳಗಿಟ್ಟಿತು.
ತಿಂಗಳುಗಟ್ಟಲೆ ಕೂಡಿಟ್ಟ ಮಾತು ಗಂಟಲ ತನಕ ಬಂತು.
ತಿರುಗಿದರೆ
ಕಾಟನ್ ಊರು ದಾಟುವ ಮುಂಚೆಯೇ ವರ್ನಾ
ಒಳ್ಳೆಯ ಕಿವಿಯನ್ನು ಬಾಗಿಲಿಗೆ ಒತ್ತಿ ನಿದ್ದೆ ಹೋಗಿದ್ದಳು.

"ಪೆಡಲಿಂದ ಕಾಲು ತೆಗಿ" ಅಂದ ಹಿಂದಿನವನು.
ತೆಗೆದೆ.
"ಕೊರಗ್ತಿದೆ, ಕೇಳಿಸ್ತಾ? ಸಣ್ಣಗೆ, ಸೊಳ್ಳೆ ಹಾಗೆ.
ನಾಳೆ ತಗೊಂಡು ಬಾ, ಮತ್ತೆ ಬಿಚ್ಚಬೇಕು."

"ಮೆಲ್ಲಗೆ ಮಾತಾಡು" ಅಂದೆ.