ಹತ್ತು ವರ್ಷ ಬಿಚ್ಚದ ಅಂಚು

ಡಿಸೆಂಬರಿನಲ್ಲಿ ಮೊರಾವಿಯಾದ ಈ ಊರಿನ ಹಗಲು
ನಾಲ್ಕಕ್ಕೇ ಅಂಗಡಿ ಮುಚ್ಚುತ್ತದೆ.
ಮೇಜಿನ ಮೇಲೆ ಒಂದು ಹೆಡ್‌ಲ್ಯಾಂಪು, ಎಡಗಡೆಯದು,
ನಗೋಯಾದಿಂದ ಹಿಂದಿರುಗಿದ್ದು,
ಮೆತ್ತೆ ಹಾಸಿದ ಪೆಟ್ಟಿಗೆಯಲ್ಲಿ, ಗಾಯಾಳುವಿನಂತೆ.
ಗಾಜಿನೊಳಗೆ ಒಂದು ಎಳೆ.
ನೀಲಿ. ಮೂರು ಮಿಲಿಮೀಟರು.

ಬೆಳಕಿಗೇನೂ ಅಡ್ಡಿಯಿಲ್ಲ, ಎಂದ ಒಟಾಕರ್,
ನಲವತ್ತು ಸಾವಿರದಲ್ಲಿ ಒಂದು.
ನಾನು ಅನುವಾದಿಸಿದೆ.
ಕುರೊಯಿವಾ ತಲೆಯಾಡಿಸಿದರು,
ಒಪ್ಪಿದೆ ಎಂದಲ್ಲ, ಕೇಳಿಸಿತು ಎಂದು,
ಆಮೇಲೆ ಸುಮ್ಮನಿದ್ದರು.
ಹದಿನಾಲ್ಕು ವರ್ಷದಿಂದ ಎರಡು ಭಾಷೆಗಳ ನಡುವೆ
ಆರಿದ ಚಹಾ ಕುಡಿದವಳು ನಾನು;
ಆ ಮೌನಕ್ಕೊಂದು ಚೆಕ್ ಪದ ಹುಡುಕುವಷ್ಟರಲ್ಲಿ
ಒಟಾಕರ್ ಪೆನ್ನಿನ ಟೋಪಿ ತೆಗೆದಿದ್ದ, ಸಹಿಗೆ.

"ಕೊಂಡವರ ಮನೆ ಮುಂದೆ ನಲವತ್ತು ಸಾವಿರ ಕಾರಿಲ್ಲ.
ಒಂದೇ ಇದೆ."
ಅಷ್ಟು ಹೇಳಿ ಕೇಳಿದರು: ಯಾಕೆ?

ಎಳೆ ಒರೆಸುವ ಬಟ್ಟೆಯದು.
ಬಟ್ಟೆಯ ಅಂಚು ಬಿಚ್ಚಿದ್ದು, ಹೊಲಿಗೆ ಸಡಿಲವಾಗಿ.
ಸಡಿಲ ಯಾಕೆ? ಅಗ್ಗದ ಮಾಲು, ಸ್ವಾಮಿ,
ಹತ್ತು ವರ್ಷದಿಂದ ಅದೇ ಅಗ್ಗದ ಮಾಲು.
ಇಲ್ಲಿಗೆ ಸಾಕೆಂದು ನಮ್ಮ ಕಡೆಯ ಕುರ್ಚಿಗಳು ಹಿಂದೆ ಸರಿದವು.
ಅವರು ಏಳಲಿಲ್ಲ.
ಹತ್ತು ವರ್ಷ ಬಿಚ್ಚದ್ದು
ಈಗ ಯಾಕೆ?

ಕಿಟಕಿ ಪೂರ್ತಿ ಕಪ್ಪಾದ ಮೇಲೆ
ಸ್ಟೋರಿನ ಹುಡುಗ ಬೊಹುಷ್ ನೆಲ ನೋಡುತ್ತ ಬಾಯಿಬಿಟ್ಟ.
ಯರ್ಮಿಲಾ ಇದ್ದಳಲ್ಲ, ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ
ತುಳಿಯುವ ಹೊಲಿಗೆ ಯಂತ್ರ ಇಟ್ಟುಕೊಂಡು
ಪ್ರತಿ ಬಟ್ಟೆಯ ಅಂಚು ಮಡಚಿ
ಇನ್ನೊಂದು ಸಾಲು ಹೊಲಿಯುತ್ತಿದ್ದಳು.
ಯಾರೂ ಹೇಳಿರಲಿಲ್ಲ. ಯಾವ ಕಾಗದದಲ್ಲೂ ಇಲ್ಲ.
ಜೂನಿನಲ್ಲಿ ನಿವೃತ್ತಳಾದಳು, ಕೇಕು ಕತ್ತರಿಸಿದೆವು.
ಆ ಕೋಣೆಯಲ್ಲೀಗ ಕಾಫಿ ಯಂತ್ರ.

ಹೆಸರನ್ನು ಎರಡು ಸಲ ಹೇಳಿಸಿಕೊಂಡು
ಕುರೊಯಿವಾ ಬರೆದುಕೊಂಡರು,
ಬಿಡಿಭಾಗಗಳ ಸಂಖ್ಯೆಗಳ ನಡುವೆ,
ಅಕ್ಷರ ಅಕ್ಷರವಾಗಿ, ಯ, ರು, ಮಿ, ರಾ.
ದೀಪದ ಬುಡದಲ್ಲೇ ಕತ್ತಲೆ, ಎಂದು ಗೊಣಗಿದ ಒಟಾಕರ್.
ಇಡೀ ದಿನದಲ್ಲಿ ಹುಡುಕದೆ ಸಿಕ್ಕಿದ್ದು ನನಗೆ ಅದೊಂದೇ ಮಾತು;
ಆ ಗಾದೆ ಅವರಲ್ಲೂ ಇದೆ.
ಕುರೊಯಿವಾ ನಕ್ಕರು, ಅಥವಾ ಉಸಿರು ಬಿಟ್ಟರು.

ಹೊರಗೆ ಹಿಮ. ಹೋಟೆಲಿಗೆ ಬಿಡುತ್ತೇನೆಂದು
ಒಟಾಕರ್ ತನ್ನ ಕಾರು ತಂದು ನಿಲ್ಲಿಸಿದ.
ಎಡದ ದೀಪ ಅಕ್ಟೋಬರಿನಿಂದ ಉರಿಯುತ್ತಿಲ್ಲ.
ಕುರೊಯಿವಾ ಅದರ ಮುಂದೆ ನಿಂತರು, ಕೊಡೆ ಹಿಡಿದು,
ಏನೂ ಅನ್ನಲಿಲ್ಲ.

ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ.