ತೊಂಬತ್ತಮೂರು ಪರ್ಸೆಂಟ್

ಉಡುಪಿಯ ಅಂಗಡಿಯ ಹುಡುಗ ನಿಶ್ಮಿತ್ ಹೇಳಿದ್ದ:
‘ಎಲ್ಲ ಅದೇ ಕೇಳುತ್ತದೆ ಯಶವಂತಕ್ಕ,
ನೀವು ಹೌದು ಹೌದು ಅನ್ನುತ್ತಾ ಹೋದರೆ ಸಾಕು.’
ಐವತ್ತೆರಡು ವರ್ಷ ನಾನು ಹಾಗೆಯೇ ಹೋದವಳು.
ಇದೊಂದು ರಾತ್ರಿ ಓದಿ ನೋಡುವ ಎಂದುಕೊಂಡೆ.

ಜುಲೈ ಮುಗಿಯಲು ಮೂರು ದಿನ. ಮಲ್ಪೆಯ ಧಕ್ಕೆಯಲ್ಲಿ
ಬೋಟುಗಳು ಇನ್ನೂ ಭುಜಕ್ಕೆ ಭುಜ ತಾಗಿಸಿ ನಿಂತಿವೆ.
ಎರಡು ತಿಂಗಳು ಮಲಗಿದ್ದ ನಮ್ಮ ಐಸ್ ಪ್ಲಾಂಟು
ನಿನ್ನೆ ಕೆಮ್ಮಿ ಎದ್ದಿದೆ. ಗೋಡೆಯಾಚೆ ವಲೇರಿಯನ್
ಕಂಪ್ರೆಸ್ಸರಿನ ಎದೆಗೆ ಕಿವಿ ಕೊಟ್ಟು ಕೂತಿದ್ದಾನೆ,
ಈಚೆ ಲೆಡ್ಜರುಗಳನ್ನು ಬದಿಗೆ ಸರಿಸಿ
ಸಿಪ್ಪೆ ಸುಲಿದ ಲ್ಯಾಪ್‌ಟಾಪಿನ ಮುಂದೆ ನಾನು.

ನಿಮ್ಮ ಹೊತ್ತು ಯಾವುದು ಎಂದಿತು.
ಚೆನ್ನೈ, ಕೋಲ್ಕತ್ತಾ, ಮುಂಬೈ, ದೆಹಲಿ,
ನಾಲ್ಕೂ ಒಂದೇ ಸಾಲಿನಲ್ಲಿ, ನಾಲ್ಕಕ್ಕೂ ಒಂದೇ ಹೊತ್ತು.
ಇಲ್ಲಿ ಉಬ್ಬರಕ್ಕೊಂದು, ಏಲಕ್ಕೊಂದು,
ನಸುಕಿಗೆ ಫೋನಿನಲ್ಲಿ ‘ಅಕ್ಕ, ನೂರು ಬ್ಲಾಕ್ ಬೇಕಿತ್ತು’ ಎನ್ನುವವರಿಗೊಂದು.
ಮುಂಬೈಯಲ್ಲಿ ನಮ್ಮದೇ ಕಡಲಲ್ಲವೇ, ಆಗಲಿ ಎಂದೆ.

ಇಂಟರ್‌ನೆಟ್ ಇಲ್ಲದೆ ಮುಂದೆ ಬಿಡುವುದಿಲ್ಲವಂತೆ.
ಗಾಳಿಯಲ್ಲಿ ಯಾರ್ಯಾರ ಹೆಸರೋ ತೇಲುತ್ತಿತ್ತು:
ಬಲೆ ಅಂಗಡಿಯದು, ಸೊಸೈಟಿಯದು,
‘ಕೇಳಬೇಡ’ ಎಂಬ ಹೆಸರಿನದೂ ಒಂದು.
ಎಲ್ಲಕ್ಕೂ ಬೀಗದ ಚಿತ್ರ.
ನನ್ನ ಫೋನನ್ನೇ ಕಿಟಕಿಯ ಸರಳಿಗೆ ಒರಗಿಸಿ ದಾರಿ ಕೊಟ್ಟೆ.

ಆಮೇಲೆ ಒಪ್ಪಂದದ ಕಾಗದ. ಬಾವನ ಕಾಲದಲ್ಲಿ
ಓದದೆ ಹಾಕಿದ ಒಂದು ಸಹಿಗೆ
ಅರ್ಧ ಬೋಟು ಹೋದದ್ದು ನೆನಪಿದೆ ನನಗೆ.
ಕನ್ನಡಕ ಒರೆಸಿ ಓದಿದೆ, ಡಿಕ್ಷನರಿ ಇಟ್ಟುಕೊಂಡು, ಹನ್ನೊಂದು ಪುಟ.
ಹನ್ನೆರಡನೆಯದಕ್ಕೆ ಕಣ್ಣು ಸೋತಿತು.
ಅಡಿಯಲ್ಲಿ ಒಪ್ಪಿಗೆಯ ನೀಲಿ ಗುಂಡಿ. ಒಪ್ಪದವರಿಗೆ
ಪೆಟ್ಟಿಗೆ ಕಟ್ಟಿ ಉಡುಪಿಯ ಬಸ್ಸು ಹತ್ತುವ ದಾರಿ.
ಒತ್ತಿದೆ. ಎಲ್ಲಿಂದಲೋ ಬಾವ ನಕ್ಕ ಹಾಗಾಯಿತು.

ಯಶವಂತಿ ತಿಂಗಳಾಯ ಎಂದು ತುಂಬಿದರೆ
ಇಂಗ್ಲಿಷಿನ ಐದೇ ಅಕ್ಷರ ಇಟ್ಟುಕೊಂಡು
ಬಾಲ ಕಡಿದು ಬಿಸಾಡಿ, ಫೋಲ್ಡರಿಗೆ
‘ಯಶ’ ಎಂದು ಹೆಸರಿಟ್ಟಿತು.
ಇರಲಿ, ಎಲ್ಲಾದರೂ ಸಿಕ್ಕಿತಲ್ಲ.

ಅಪ್‌ಡೇಟು. ಹತ್ತು, ನಲವತ್ತು, ಎಂಬತ್ತು,
ಓಡಿ ಬಂದು ತೊಂಬತ್ತಮೂರಕ್ಕೆ ನಿಂತಿತು.
ಅರ್ಧ ಗಂಟೆಯಾದರೂ ಅಲ್ಲೇ. ‘ಹಾಳಾಯ್ತಾ?’ ಎಂದ
ಟೀ ತಂದ ವಲೇರಿಯನ್. ಹಾಳಾಗಿಲ್ಲ ಮಾರಾಯ.
ಕ್ಯಾನಿನಲ್ಲಿ ನೀರು ಬದಿಯಿಂದ ಗಟ್ಟಿಯಾಗುತ್ತಾ ಬಂದು
ನಡುವಿನ ಬೆರಳಗಲ ಬಿಳಿ ಮಾತ್ರ
ಬೆಳಗಿನವರೆಗೂ ಹಟ ಹಿಡಿಯುತ್ತದಲ್ಲ,
ಆಗ ಎತ್ತಿದವರುಂಟಾ? ಬಡಿದವರುಂಟಾ?
ನಾವಿಬ್ಬರೂ ಟೀ ಮುಟ್ಟದೆ ತೊಂಬತ್ತಮೂರನ್ನು ನೋಡಿದೆವು.

ಕೊನೆಗೆ ಬೆರಳು ಕೇಳಿತು.
ಇಟ್ಟೆ. ಎತ್ತಿ ಇನ್ನೊಮ್ಮೆ ಇಡಿ ಎಂದಿತು.
ಇಟ್ಟೆ. ಇನ್ನೊಮ್ಮೆ.
ರೇಷನ್ ಅಂಗಡಿಯ ಮೆಷಿನೂ ಹೀಗೆಯೇ,
ನಾನು ನಾನಲ್ಲ ಎಂದು ಎಷ್ಟೋ ಸಲ ಹಿಂದೆ ಕಳಿಸಿದೆ.
ಇಪ್ಪತ್ತು ವರ್ಷ ಐಸು ಎಣಿಸಿದ ಬೆರಳಲ್ಲಿ
ಗೆರೆ ಎಲ್ಲಿ ಉಳಿದೀತು? ಕೈಬಿಡುವವಳಿದ್ದೆ.
ಸುಮ್ಮನೆ ಟೀ ಗ್ಲಾಸು ಹಿಡಿದು ಕೂತೆ, ಅಷ್ಟೆ,
ಬಿಸಿ ಚರ್ಮದೊಳಕ್ಕೆ ಇಳಿಯುವಷ್ಟು ಹೊತ್ತು.
ಮತ್ತೆ ಇಟ್ಟಾಗ
ಏನೂ ಆಗಲಿಲ್ಲ ಎಂಬಂತೆ ಬಾಗಿಲು ತೆರೆಯಿತು.

ಒಳಗೆ ಯಾರದೋ ದೇಶದ ಒಂದು ಬೆಟ್ಟ,
ಬುಡದಿಂದ ತುದಿಯವರೆಗೆ ಹಿಮ,
ಕೊಕ್ಕೆ ಹಿಡಿದ ಒಬ್ಬ ಆಳೂ ಇಲ್ಲ.
ವಲೇರಿಯನ್ ಬಗ್ಗಿ ನೋಡಿ, ಗಲ್ಲ ತುರಿಸಿ,
‘ಎಷ್ಟು ಬ್ಲಾಕ್ ಆಗಬಹುದು ಅಕ್ಕ?’ ಎಂದ.
ನಾನು ಆಗಲೇ ಗುಣಿಸುತ್ತಿದ್ದೆ.