ಬರಿಬೇರು

ಲಾರಿ ಇಳಿಸಿಹೋದದ್ದು ಒಂದು ಕಟ್ಟು ಕೋಲು.
ನಲವತ್ತು ಸೇಬಿನ ಸಸಿಯಂತೆ.
ಮಣ್ಣಿಲ್ಲ, ಎಲೆಯಿಲ್ಲ, ಕುಂಡವಿಲ್ಲ;
ಒದ್ದೆ ಗೋಣಿಯೊಳಗೆ ಬೇರು ಮಾತ್ರ,
ಬರಿಗಾಲಲ್ಲಿ ಬಂದವರ ಹಾಗೆ
ಒಂದಕ್ಕೊಂದು ಒತ್ತಿಕೊಂಡು.

ನವೆಂಬರ್. ಲಿಯಾಖ್ವಿ ಹೊಳೆಯ ಮೇಲಿಂದ ಗಾಳಿ.
"ಮೊದಲು ಗೋಣಿ ಮುಚ್ಚು," ಅಂದಳು ತ್ಸಿಯಾಲ,
"ಬೇರಿನ ಕೂದಲು ಒಣಗೋಕೆ ಅರೆಗಳಿಗೆ ಸಾಕು.
ಚಹಾ ಆಮೇಲೆ."

ದ್ರಾಕ್ಷಿ ತುಳಿಯುವ ಹಳೇ ಮರದ ತೊಟ್ಟಿಯಲ್ಲಿ
ರಾತ್ರಿಯಿಡೀ ನೀರು ಕುಡಿದವು.
ಬೆಳಗ್ಗೆ ನೀರು ಒಂದು ಗೇಣು ಇಳಿದಿತ್ತು.
ತೂತಿದೆ, ಅಂದೆ ನಾನು.
ಬಾಯಾರಿಕೆ, ಅಂದಳು ಅವಳು.
(ತೂತು ಇದ್ದದ್ದೂ ನಿಜ.)

ನಾನು ತೋಡಿದ ಗುಣಿ ನೋಡಿ ನಕ್ಕಳು:
"ಬಾವಿ ತೆಗೀತಿದ್ದೀಯಾ, ಮಲ್ಖಾಜ್?
ಅಗಲ ಬೇಕು, ಆಳ ಅಲ್ಲ."
ಸನಿಕೆ ಸವರಿ ನುಣ್ಣಗಾಗಿದ್ದ ಗೋಡೆಯನ್ನು
ಕೆದಕಿ ಕೆದಕಿ ಒರಟು ಮಾಡಿದಳು.
"ನುಣುಪಿಗೆ ಬೇರು ತಲೆ ಚಚ್ಚಿಕೊಂಡು
ಅಲ್ಲೇ ಸುತ್ತುತ್ತೆ, ಗಾಣದೆತ್ತಿನ ಹಾಗೆ."

ಗೊಬ್ಬರದ ಬುಟ್ಟಿ ಎತ್ತಿದೆ. ಇಳಿಸಿದಳು.
"ಬಂದ ದಿನವೇ ಹಬ್ಬದೂಟ ಬಡಿಸಬಾರದು.
ತೆಗೆದ ಮಣ್ಣನ್ನೇ ತಿರುಗಿ ಕೊಡು."

ಗುಣಿಯ ನಡುವೆ ಮಣ್ಣಿನ ಪುಟ್ಟ ಗುಡ್ಡೆ,
ಗುಡ್ಡೆಯ ಮೇಲೆ ಸಸಿ ಕೂರಿಸಿ
ಒಂದೊಂದೇ ಬೇರನ್ನು ನಾಲ್ಕೂ ಕಡೆಗೆ ಬಿಡಿಸಿದಳು,
ಮಗುವಿನ ತಲೆಸಿಕ್ಕು ಬಿಡಿಸುವ ಕೈ ಅದು,
ಎಳೆಯುವುದಿಲ್ಲ.
ಕಸಿಯ ಗಂಟು ನೆಲದಿಂದ ನಾಲ್ಕು ಬೆರಳು ಮೇಲೆ.
ಹಿಮ್ಮಡಿಯಿಂದ ನಾನು ಮೆತ್ತಗೆ ತುಳಿದೆ, ನೀರು ಹೊಯ್ದೆ.
ಗುಳುಗುಳು ಅಂತ ಒಳಗಿನ ಗಾಳಿ ಹೊರಬಂತು.

ಆಮೇಲೆ ಕತ್ತರಿ.
ಎದೆಯೆತ್ತರದ ಸಸಿಗಳನ್ನು ಸೊಂಟದೆತ್ತರಕ್ಕೆ, ನಲವತ್ತನ್ನೂ.
ದುಡ್ಡು ಕೊಟ್ಟವನು ನಾನು; ಅಯ್ಯೋ ಅಂದೆ.
"ಅರ್ಧ ಬೇರು ಅಗೆದ ಕಡೆಯೇ ಉಳಿದಿದೆ.
ಇಲ್ಲದ ಬೇರಿನ ಮೇಲೆ ಇಷ್ಟು ಕೊಂಬೆಯ ಸಾಲ ಯಾಕೆ?"

ಮುಳ್ಳುತಂತಿಯ ಆಚೆಯ ಊರಿನವಳು ತ್ಸಿಯಾಲ.
ದಿಬ್ಬ ಹತ್ತಿದರೆ ಈಗಲೂ
ಅವಳ ಅಕ್ರೋಟ ಮರದ ತುದಿ ಕಾಣುತ್ತದೆ.
ಆ ಆಗಸ್ಟಿನಲ್ಲಿ ದಾಟಿ ಬಂದಾಗ
ಕೈಯಲ್ಲಿ ಒಂದೇ ಗಂಟಿತ್ತಂತೆ.
ನಾನು ಏನೋ ಹೇಳಲು ಬಾಯಿ ತೆರೆದೆ.
"ಬೇಡ," ಅಂದಳು. "ಪಟ್ಟಣದವರೆಲ್ಲ ಅದನ್ನೇ ಹೇಳ್ತಾರೆ.
ಮರ ಮರ. ನಾನು ನಾನು.
ಗೂಟ ಹಿಡಿ."

ಏಪ್ರಿಲ್‌ಗೆ ಮೂವತ್ತೇಳು ಚಿಗುರಿದವು.
ಒಂದರಲ್ಲಿ, ಹೇಳದೆ ಕೇಳದೆ, ಐದು ಹೂ.
ಮೊದಲ ವರ್ಷದ ಹೂ ಚಿವುಟಬೇಕು,
ಕಾಯಿ ಹೊರುವ ಬಲವಿನ್ನೂ ಬಂದಿಲ್ಲ: ಇದೂ ಅವಳದೇ ಪಾಠ.
ನಾಲ್ಕು ಚಿವುಟಿದೆ.
ಐದನೆಯದಕ್ಕೆ ಬೆರಳು ಏಳಲಿಲ್ಲ.

ಮರುದಿನ ಅದೂ ಇರಲಿಲ್ಲ.
"ಗಾಳಿ," ಅಂದಳು ತ್ಸಿಯಾಲ.
ಇರಬಹುದು.
ಅವಳ ಕಿಟಕಿಯಲ್ಲಿ ಚಹಾದ ಗಾಜಿನ ಲೋಟವೊಂದು
ಆ ವಾರವೆಲ್ಲ
ನೀರು ತುಂಬಿಕೊಂಡು ನಿಂತಿತ್ತು.